ಬಿಸಿಲಿಗೆ ಇಟ್ಟ ಗುಲಾಬಿ

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ತಕ್ಕಡಿಯಮ್ಮ ಅಡುಗೆಮನೆಯ ಕಿಟಕಿಯ ಮುಂದೆ ನಿಂತು, ಗಾಜಿಗೆ ಅಂಟಿಸಿದ್ದ ನಲವತ್ತೊಂದನೆಯ ಬಣ್ಣದ ಪಟ್ಟಿಯ ಅರ್ಧವನ್ನು ಮುಚ್ಚಿದ್ದ ಕಪ್ಪು ಕಾಗದವನ್ನು ಉಗುರಿನಿಂದ ಎಬ್ಬಿಸಿದಳು. ಹತ್ತು ಗಂಟೆಗೆ ಮಗಳ ಚಿತ್ರವನ್ನು ಕೊಳ್ಳಲು ಗ್ಯಾಲರಿಗೆ ದೊಡ್ಡವರೊಬ್ಬರು ಬರುವವರಿದ್ದರು. ಕಾಗದ ಅರ್ಧ ಎದ್ದಿತ್ತಷ್ಟೆ, ಆಕೆಯ ಕೈ ಅಲ್ಲೇ ನಿಂತಿತು.

ಕಪ್ಪು ಕಾಗದದ ಅಡಿಯಲ್ಲಿ ತಿಂಗಳುಗಟ್ಟಲೆ ಕತ್ತಲಲ್ಲಿದ್ದ ಭಾಗ ತುಂಬು ಗುಲಾಬಿಯಾಗಿತ್ತು. ಬಿಸಿಲಿಗೆ ಮೈಯೊಡ್ಡಿದ್ದ ಉಳಿದರ್ಧ ಜ್ವರ ಬಿಟ್ಟವರ ತುಟಿಯಂತೆ ಬಿಳಿಚಿಕೊಂಡಿತ್ತು.

ಆಕೆ ಕನ್ನಡಕವನ್ನು ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. ಒರೆಸಬೇಕಾದದ್ದು ಕನ್ನಡಕವಲ್ಲ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ತಕ್ಕಡಿ ಎಂಬ ಅಡ್ಡಹೆಸರು ಆಕೆಗೆ ಅಂಟಿದ್ದು ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ. ಮೂವತ್ತೊಂದು ವರ್ಷ ಆಕೆಯ ಕೆಲಸವೆಂದರೆ ನೋಡುವುದು. ನಿನ್ನೆ ತೊಟ್ಟಿಯಿಂದ ತೆಗೆದ ನೂಲಿಗೂ ಇಂದು ತೆಗೆದದ್ದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಆಕೆಯ ಕಣ್ಣು ಅದನ್ನು ತೂಗಿ ಹೇಳುತ್ತಿತ್ತು. ಕೊನೆಗೊಮ್ಮೆ ಬಣ್ಣ ಅಳೆಯುವ ಯಂತ್ರ ಬಂತು. ಯಂತ್ರಕ್ಕೂ ಆಕೆಗೂ ಮಾತು ಕೂಡದ ದಿನ ಮೇಸ್ತ್ರಿ ಯಂತ್ರವನ್ನೇ ರಿಪೇರಿಗೆ ಕಳಿಸುತ್ತಿದ್ದ. ನಿವೃತ್ತಿಯ ದಿನ ಅವನು, "ನಿಮ್ಮ ಕಣ್ಣನ್ನಾದ್ರೂ ಇಲ್ಲೇ ಬಿಟ್ಟುಹೋಗಿ" ಎಂದಿದ್ದನ್ನು ಆಕೆ ಕನಿಷ್ಠ ನೂರು ಜನರಿಗೆ ಹೇಳಿರಬೇಕು. ಸ್ವಂತ ಮಗಳಿಗಂತೂ ಲೆಕ್ಕವಿಲ್ಲದಷ್ಟು ಸಲ.

ಮಗಳು ಜಲವರ್ಣದ ಚಿತ್ರಗಾರ್ತಿ. ಮುಖಗಳನ್ನೇ ಬರೆಯುವವಳು. ನೀರಿನಲ್ಲಿ ಬರೆದ ಮುಖವನ್ನು ತಿದ್ದಲು ಬರುವುದಿಲ್ಲ. ಕುಂಚ ಒಮ್ಮೆ ತಪ್ಪಿದರೆ ಹಾಳೆಯನ್ನೇ ಹರಿಯಬೇಕು. ಬಿಳಿ ಎಂಬ ಬಣ್ಣ ಅವಳ ತಟ್ಟೆಯಲ್ಲೇ ಇರಲಿಲ್ಲ. ಮೂಗಿನ ತುದಿಯ ಬೆಳಕಾಗಲಿ ನರೆಗೂದಲಾಗಲಿ, ಅವಳು ಕಾಗದವನ್ನು ಮುಟ್ಟದೆ ಉಳಿಸಿಕೊಂಡ ಜಾಗವಷ್ಟೆ. "ಎಲ್ಲಿ ಬಳಿಯಬಾರದು ಅನ್ನೋದೇ ಇವಳ ವಿದ್ಯೆ" ಎಂದು ತಾಯಿ ಅಕ್ಕಪಕ್ಕದವರಿಗೆ ವಿವರಿಸುತ್ತಿದ್ದಳು.

ಆದರೆ ಯಾವ ಬಣ್ಣ ನಿಲ್ಲುತ್ತದೆ, ಯಾವುದು ಓಡಿಹೋಗುತ್ತದೆ ಎಂಬುದು ತಾಯಿಯ ಖಾತೆ. ಜಲವರ್ಣದಲ್ಲಿ ಕೆಲವು ಬಣ್ಣಗಳಿಗೆ ಬೆಳಕಾಗದು. ಹಾಗಾಗಿ ಹೊಸದಾಗಿ ಮನೆಗೆ ಬಂದ ಪ್ರತಿಯೊಂದು ಬಣ್ಣವನ್ನೂ ಬೆರಳಗಲದ ಕಾಗದದ ಪಟ್ಟಿಗೆ ಬಳಿದು, ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ಬಿಸಿಲು ಬೀಳುವ ಈ ಕಿಟಕಿಗೆ ಆರು ತಿಂಗಳು ಅಂಟಿಸಬೇಕು. ಕಾರ್ಖಾನೆಯಲ್ಲಿ ನೂಲಿಗೆ ಮಾಡುತ್ತಿದ್ದ ಪರೀಕ್ಷೆಯೇ ಇದು. ತೇರ್ಗಡೆಯಾಗದ ಬಣ್ಣಕ್ಕೆ ಮಗಳ ತಟ್ಟೆಯಲ್ಲಿ ಜಾಗವಿಲ್ಲ. ಕಿಟಕಿಯ ತುಂಬ ಪಟ್ಟಿಗಳು ತುಂಬಿ, ಅಡುಗೆಮನೆಗೆ ಬೆಳಕು ಬೇಕೆಂದರೆ ಹಗಲಲ್ಲೇ ದೀಪ ಹಾಕಬೇಕಾಗಿತ್ತು.

ಈಗ ಗ್ಯಾಲರಿಯಲ್ಲಿ ತೂಗುತ್ತಿದ್ದದ್ದು ತಕ್ಕಡಿಯಮ್ಮನದೇ ಚಿತ್ರ. ಆಕೆ ಎರಡೂ ಅಂಗೈಗಳನ್ನು ಮುಂದೆ ಚಾಚಿ, ತಲೆ ಬಗ್ಗಿಸಿ ಅವನ್ನೇ ನೋಡುತ್ತಿದ್ದಾಳೆ. ಕೈಗಳು ಮಣಿಕಟ್ಟಿನ ಮೇಲಿನವರೆಗೂ ಗುಲಾಬಿ. ಕೆಲಸ ಬಿಟ್ಟು ಏಳು ವರ್ಷವಾಗಿದ್ದರಿಂದ, ಕಾರ್ಖಾನೆಯ ಹಸಿ ನೂಲು ಹತ್ತಿಸಿದ್ದ ಆ ಬಣ್ಣ ಕೈಯಿಂದ ಎಂದೋ ಮಾಯವಾಗಿತ್ತು. ಹೇಗಿತ್ತು ಎಂದು ಮಗಳು ಕೇಳಿದಾಗ ಆಕೆ ಹೇಳಲು ಹೋಗಲಿಲ್ಲ. ಹಳೆಯ ಗೆಳತಿಯಿಂದ ಒಂದು ಪೊಟ್ಟಣ ಬಣ್ಣ ತರಿಸಿ, ಬಕೆಟ್ಟಿನಲ್ಲಿ ಕಲಸಿ, ಎರಡೂ ಕೈಗಳನ್ನು ಅದ್ದಿ ತೆಗೆದು, "ನೋಡ್ಕೋ, ಹೀಗಿತ್ತು" ಎಂದಳು. ಆಮೇಲೆ ನಾಲ್ಕು ವಾರ ಅದೇ ಕೈಗಳಲ್ಲಿ ಊರೆಲ್ಲ ಓಡಾಡಿದಳು. ಯಾರನ್ನು ಮುಗಿಸಿ ಬಂದಿರಿ ಎಂದು ತರಕಾರಿ ಅಂಗಡಿಯವನು ಕೇಳಿದ್ದಕ್ಕೆ, ತೂಕ ಸರಿಯಾಗಿ ಹಾಕಿದರೆ ಇವತ್ತು ಯಾರನ್ನೂ ಮುಗಿಸುವುದಿಲ್ಲ ಎಂದು ಉತ್ತರ ಕೊಟ್ಟಿದ್ದಳು.

ಪ್ರದರ್ಶನ ಶುರುವಾದ ಸಂಜೆಯೇ ಆ ಕೈಗಳ ಮುಂದೆ ಜನ ಗುಂಪುಗಟ್ಟಿದರು. ಸಂಗ್ರಾಹಕರಲ್ಲಿ ಮೂವರು ಅದನ್ನೇ ಕೇಳಿದರು. ಆದರೆ ಕಣ್ಣಿನ ಡಾಕ್ಟರಮ್ಮ ಒಮ್ಮೆ ಚಿತ್ರದ ಮುಂದೆ ನಿಂತ ಮೇಲೆ ಉಳಿದವರೆಲ್ಲ ಮರ್ಯಾದೆಯಿಂದ ಹಿಂದೆ ಸರಿದರು. ನಲವತ್ತು ವರ್ಷ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿ ನಿವೃತ್ತರಾದ ಅವರ ಮನೆಯಲ್ಲಿದ್ದದ್ದು ಬರೀ ಜಲವರ್ಣದ ಮುಖಗಳು. ಅವರ ಗೋಡೆಗೆ ಒಮ್ಮೆ ಏರಿದ ಚಿತ್ರಗಾರರಿಗೆ ಮತ್ತೆ ಗೋಡೆಗಳ ಬರವಿಲ್ಲ ಎಂಬ ಮಾತಿತ್ತು. ಶನಿವಾರ ಹತ್ತಕ್ಕೆ ಬಂದು ಇನ್ನೊಮ್ಮೆ ನೋಡಿ ತೀರ್ಮಾನ ಹೇಳುತ್ತೇನೆ ಎಂದು ಅವರು ಹೋಗಿದ್ದರು. ಅಂದಿನಿಂದ ಮಗಳು ಅನ್ನ ಬಿಟ್ಟಿದ್ದಳು, ತಾಯಿ ಎರಡು ಪಾಲು ಉಣ್ಣುತ್ತಿದ್ದಳು.

ಹೆಮ್ಮೆ ಸುಮ್ಮನೆ ಕೂರಲು ಬಿಡುವುದಿಲ್ಲ. ಚಿತ್ರಕ್ಕೆ ಬಳಸಿದ ಏಳು ಬಣ್ಣಗಳ ಪಟ್ಟಿಗಳನ್ನೂ ಗ್ಯಾಲರಿಗೆ ಒಯ್ದು ಡಾಕ್ಟರಮ್ಮನ ಮುಂದೆ ಹರಡಬೇಕೆಂದು ಆಕೆ ರಾತ್ರಿಯೇ ನಿಶ್ಚಯಿಸಿದ್ದಳು. ಆರು ಪಟ್ಟಿಗಳು ಡಬ್ಬಿಯಲ್ಲಿ ಸಿದ್ಧವಿದ್ದವು. ಏಳನೆಯದಕ್ಕಾಗಿಯೇ ಇಂದು ಬೆಳಿಗ್ಗೆ, ಆರು ತಿಂಗಳಿಗೆ ಇನ್ನೂ ಹತ್ತು ದಿನವಿರುವಾಗಲೇ, ಕಿಟಕಿಗೆ ಕೈಹಾಕಿದ್ದಳು.

ತಪ್ಪು ಎಲ್ಲಾಯಿತೆಂದು ಹುಡುಕಬೇಕಾದ ಅಗತ್ಯವೇ ಇರಲಿಲ್ಲ. ಚಿತ್ರದ ಎಡಗೈ ಮುಗಿಯುವಷ್ಟರಲ್ಲಿ ಗುಲಾಬಿಯ ಟ್ಯೂಬು ಖಾಲಿಯಾಗಿತ್ತು. ಅದೇ ಹೆಸರಿನ ಹೊಸ ಟ್ಯೂಬನ್ನು ತಾನೇ ಅಂಗಡಿಯಿಂದ ತಂದಿದ್ದಳು. ಇದನ್ನೂ ಕಿಟಕಿಗೆ ಇಡಬೇಕಲ್ಲವೇ ಎಂದು ಮಗಳು ಕೇಳಿದಾಗ, ಹಳೆಯದರ ಪಕ್ಕ ಹೊಸದನ್ನು ಬಳಿದು, ಹಸಿಯಲ್ಲೊಮ್ಮೆ ಒಣಗಿದ ಮೇಲೊಮ್ಮೆ ನೋಡಿ, "ಅದೇ ಬಣ್ಣ ಕಣೇ. ನಾನು ಹೇಳ್ತಿದ್ದೀನಲ್ಲ, ಬರಿ" ಎಂದಿದ್ದಳು. ತೊಟ್ಟಿಗೆ ತೊಟ್ಟಿ ಹೊಂದಿಸುವಾಗ ಮೂವತ್ತೊಂದು ವರ್ಷ ಸಾಕಾಗಿದ್ದ ಮಾತು ಅದು. ಮಗಳು ಬಲಗೈಯನ್ನು ಬರೆದಳು. ಹೊಸದರ ಪಟ್ಟಿಯನ್ನು ಬರೀ ಅಭ್ಯಾಸಬಲದಿಂದ ಕಿಟಕಿಗೆ ಅಂಟಿಸಿದ್ದಾಯಿತು. ದಿನವೂ ನೋಡುವ ಕಣ್ಣಿಗೆ ಮಗು ಬೆಳೆದದ್ದು ತಿಳಿಯದ ಹಾಗೆ, ದಿನವೂ ಪಾತ್ರೆ ತೊಳೆಯುತ್ತ ಆ ಪಟ್ಟಿಯನ್ನು ನೋಡುತ್ತಿದ್ದವಳಿಗೆ ಅದು ಬಿಳಿಚುತ್ತಿದ್ದದ್ದು ತಿಳಿಯಲಿಲ್ಲ.

ಖಾಲಿ ಟ್ಯೂಬನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಸಣ್ಣಕ್ಷರಗಳನ್ನು ಓದಿದಳು. ಹೆಸರು ಒಂದೇ. ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಬಣ್ಣ ಮಾಡಲು ಬಳಸಿದ ಸರಕಿನ ಸಂಖ್ಯೆ ಬದಲಾಗಿತ್ತು.

ಡಬ್ಬಿಯಲ್ಲಿ, ಆ ಆರರ ಹೊರತಾಗಿ, ಹದಿನೇಳನೆಯ ಪಟ್ಟಿಯೂ ಇತ್ತು. ಅದು ಹಳೆಯ ಟ್ಯೂಬಿನ ಗುಲಾಬಿ. ಬಿಸಿಲಿನ ಭಾಗವೂ ನೆರಳಿನ ಭಾಗವೂ ಅವಳಿ ಮಕ್ಕಳಂತೆ ಒಂದೇ. ಅದನ್ನೇ ತೋರಿಸಿದರೆ ಸುಳ್ಳೆಂದು ಯಾರು ಹೇಳಬಲ್ಲರು? ಎಡಗೈಗೆ ಅದು ಸುಳ್ಳೂ ಅಲ್ಲ. ಗೋಡೆಯ ನೆರಳಿನಲ್ಲಿ ಬಲಗೈ ಬಿಳಿಚಲು ಇನ್ನೂ ಹಲವು ವರ್ಷ ಬೇಕು. ಅಷ್ಟರೊಳಗೆ ತಾನು ಇರುತ್ತೇನೋ ಇಲ್ಲವೋ. ಆಕೆ ಹದಿನೇಳನ್ನು ಚೀಲದ ಎಡಜೇಬಿಗೂ ನಲವತ್ತೊಂದನ್ನು ಬಲಜೇಬಿಗೂ ಸೇರಿಸಿ, ಉಳಿದ ಆರನ್ನು ಕರವಸ್ತ್ರದಲ್ಲಿ ಸುತ್ತಿ ಬಸ್ಸು ಹತ್ತಿದಳು. ಗ್ಯಾಲರಿ ಬರುವವರೆಗೂ ಎರಡೂ ಜೇಬುಗಳನ್ನು ಮುಟ್ಟಿ ನೋಡಿಕೊಳ್ಳುತ್ತಲೇ ಇದ್ದಳು. ಪಕ್ಕದಲ್ಲಿದ್ದ ಪ್ರಯಾಣಿಕ, ಜೇಬುಗಳ್ಳರ ಭಯವೇನೋ ಎಂದುಕೊಂಡು, ತನ್ನ ಪರ್ಸನ್ನೂ ಭದ್ರಪಡಿಸಿಕೊಂಡ.

ಡಾಕ್ಟರಮ್ಮ ಆಗಲೇ ಬಂದಿದ್ದರು. ಬೆಳ್ಳಿಕಟ್ಟಿನ ಭೂತಗನ್ನಡಿಯನ್ನು ಚಿತ್ರದ ಬಲಗೈಯ ಮೇಲೆ ಹಿಡಿದು, ಉಸಿರಾಡುವುದನ್ನೂ ಮರೆತವರಂತೆ ನೋಡುತ್ತಿದ್ದರು. ಮೂರು ಹೆಜ್ಜೆ ಹಿಂದೆ ಗ್ಯಾಲರಿಯ ಯಜಮಾನ, ಮಾರಾಟವಾಯಿತೆಂದು ಗುರುತು ಹಾಕುವ ಕೆಂಪು ಚುಕ್ಕೆಯನ್ನು ಹಾಳೆಯಿಂದ ಬಿಡಿಸಿ ತೋರುಬೆರಳಿಗೆ ಅಂಟಿಸಿಕೊಂಡು ಕಾಯುತ್ತಿದ್ದ. ಮಗಳು ತಾಯಿಯನ್ನು ಕಂಡದ್ದೇ ಓಡಿಬಂದು ತೋಳು ಹಿಡಿದಳು.

ಅವಳನ್ನು ಪಕ್ಕಕ್ಕೆ ಕರೆದು ಹೇಳಿಬಿಡಬಹುದಿತ್ತು. ಬಾಯಿ ತೆರೆಯಲೋ ಬೇಡವೋ ಎನ್ನುವಷ್ಟರಲ್ಲಿ ಡಾಕ್ಟರಮ್ಮ ತಿರುಗಿದರು. ತಕ್ಕಡಿಯಮ್ಮನ ಮುಖವನ್ನೂ ಕೈಗಳನ್ನೂ ನೋಡಿ, ಅವರ ಕಣ್ಣು ಮಿನುಗಿತು.

"ಈ ಕೈ ನಿಮ್ದೇ ಅಲ್ವಾ? ಬಣ್ಣ ಎಲ್ಲಿ ಹೋಯ್ತು?"

"ನಾಲ್ಕು ವಾರಕ್ಕೆ ಹೋಯ್ತು ಡಾಕ್ಟರಮ್ಮ. ಚರ್ಮದ ಮೇಲೆ ಯಾವ ಬಣ್ಣನೂ ನಿಲ್ಲಲ್ಲ."

"ಕಾಗದದ ಮೇಲೆ?"

ಪ್ರಶ್ನೆ ಸಹಜವಾಗಿ ಬಂದಿತ್ತು. ಯಜಮಾನ ಅಷ್ಟೇ ಸಹಜವಾಗಿ ನಡುವೆ ನುಗ್ಗಿ, ನೂರು ವರ್ಷಕ್ಕೆ ತಾನೇ ಜವಾಬ್ದಾರ ಎಂದ. ನೂರು ವರ್ಷದ ಮೇಲೆ ನಿಮ್ಮನ್ನು ಎಲ್ಲಿ ಹುಡುಕಲಿ ಎಂದು ಡಾಕ್ಟರಮ್ಮ ನಕ್ಕರು. ಮಗಳೂ ನಕ್ಕಳು. ಈ ಒಂದು ವಾರದಲ್ಲಿ ಅವಳ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

"ಅದನ್ನ ನಮ್ಮಮ್ಮನೇ ಹೇಳ್ಬೇಕು," ಎಂದಳು. "ಇವಳು ಪಾಸು ಮಾಡದ ಬಣ್ಣ ನನ್ನ ತಟ್ಟೆಗೇ ಬರಲ್ಲ."

ಎಲ್ಲರ ಕಣ್ಣುಗಳೂ ತಕ್ಕಡಿಯಮ್ಮನ ಮೇಲೆ ನಿಂತವು. ಆಕೆ ಮೇಜಿನ ಮೇಲೆ ಕರವಸ್ತ್ರವನ್ನು ಬಿಚ್ಚಿದಳು. ಒಂದೊಂದಾಗಿ ಆರು ಪಟ್ಟಿಗಳನ್ನು ಸಾಲಾಗಿಟ್ಟು, ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ಬರೆದ ತಾರೀಖನ್ನು ತೋರಿಸಿ, ಇದು ಕೂದಲಿನ ನೆರಳಿನ ನೀಲಿ, ಇದು ಕೆನ್ನೆಯ ಕಾವಿ ಎಂದು ವಿವರಿಸಿದಳು. ಡಾಕ್ಟರಮ್ಮ ಭೂತಗನ್ನಡಿಯನ್ನು ಪಟ್ಟಿಯಿಂದ ಪಟ್ಟಿಗೆ ಸರಿಸುತ್ತ ಬಂದರು. ಆರನೆಯದರ ಪಕ್ಕ ಮೇಜು ಖಾಲಿಯಿತ್ತು.

"ಗುಲಾಬಿ?" ಎಂದರು.

ಆಕೆಯ ಕೈ ಚೀಲದೊಳಗೆ ಹೋಯಿತು. ಎಡಜೇಬು ಮೊದಲು ಸಿಕ್ಕಿತು. ಹದಿನೇಳನೆಯ ಪಟ್ಟಿಯ ಅಂಚು ಬೆರಳಿಗೆ ತಾಗಿತು. ಮಗಳು ಇನ್ನೂ ನಗುತ್ತಲೇ ಇದ್ದಳು. ಅದು ಪರೀಕ್ಷೆಗೆ ಕಾಯುವವಳ ನಗುವಲ್ಲ, ಫಲಿತಾಂಶ ಗೊತ್ತಿರುವವಳ ನಗು. ಇಷ್ಟೊಂದು ನಂಬಿಕೆಯನ್ನು ಹೊತ್ತುಕೊಂಡು ಅವಳೆದುರು ಬಾಳುವುದು ಹೇಗೆ ಎಂದು ಒಂದು ಕ್ಷಣ ಆಕೆಗೆ ಭಯವಾಯಿತು.

ತಕ್ಕಡಿಯಮ್ಮ ಎರಡೂ ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು.

"ಎಡಗೈ ಇದು, ಬಲಗೈ ಇದು," ಎಂದಳು. "ಎರಡೂ ಒಂದೇ ಅಂತ ಹೇಳಿದವಳು ನಾನು. ಮಗಳು ಕೇಳಿದ್ಲು, ಪರೀಕ್ಷೆ ಬೇಡ್ವಾ ಅಂತ. ನಾನೇ ಬೇಡ ಅಂದೆ. ಬಲಗೈ ನಿಲ್ಲಲ್ಲ ಡಾಕ್ಟರಮ್ಮ. ಇವತ್ತು ಬೆಳಿಗ್ಗೆ ಗೊತ್ತಾಯ್ತು."

ಡಾಕ್ಟರಮ್ಮ ಎರಡೂ ಪಟ್ಟಿಗಳನ್ನೆತ್ತಿಕೊಂಡು ಬಾಗಿಲ ಬೆಳಕಿಗೆ ಹೋದರು. ಮುಚ್ಚಿದ್ದ ಭಾಗಗಳನ್ನು ಜೋಡಿಸಿ ಹಿಡಿದು ಬಹಳ ಹೊತ್ತು ನೋಡಿದರು. ನಾನಾಗಿದ್ದರೂ ಎರಡೂ ಒಂದೇ ಎನ್ನುತ್ತಿದ್ದೆ ಎಂದರು. ಆಮೇಲೆ, ಈ ಚಿತ್ರವನ್ನು ಮಾತ್ರ ಕೊಳ್ಳಲಾರೆ ಎಂದರು. ದನಿಯಲ್ಲಿ ಬಿರುಸಿರಲಿಲ್ಲ, ಅನುಮಾನವೂ ಇರಲಿಲ್ಲ. ಹೊರಡುವ ಮುಂಚೆ ಒಂದೇ ಒಂದು ಮಾತು ಕೇಳಿದರು.

"ಕೆಟ್ಟ ಪಟ್ಟಿ ನಾನಿಟ್ಕೊಳ್ಲಾ?"

ತಕ್ಕಡಿಯಮ್ಮ ಹೂಂ ಎಂದು ತಲೆಯಾಡಿಸಿದಳು.

ಅವರ ಕಾರು ತಿರುವು ದಾಟುವವರೆಗೂ ಯಜಮಾನ ಬಿಗಿಹಿಡಿದುಕೊಂಡಿದ್ದ. ಆಮೇಲೆ ಬಿಚ್ಚಿಕೊಂಡ. ಆ ಪಟ್ಟಿ ನಾಳೆ ಊರಿನ ಸಂಗ್ರಾಹಕರ ಕೈಗಳಲ್ಲೆಲ್ಲ ತಿರುಗುತ್ತದೆ, ನಿಮ್ಮ ಮಗಳ ಹೆಸರು ಕೇಳಿದರೆ ಸಾಕು ಜನ ಬಣ್ಣ ಹೋಗುವ ಚಿತ್ರ ಅನ್ನುತ್ತಾರೆ, ತಾನಾಗಿ ತಲೆ ಕೊಟ್ಟ ಕುರಿಯನ್ನು ಕತ್ತಿ ಬೇಡ ಅನ್ನುತ್ತದೆಯೇ ಎಂದೆಲ್ಲ ಹಣೆ ಚಚ್ಚಿಕೊಂಡ. ಬೆರಳಿನಲ್ಲಿದ್ದ ಕೆಂಪು ಚುಕ್ಕೆ ಅವನ ಹಣೆಗಂಟಿತು. ಬೇರೆ ದಿನವಾಗಿದ್ದರೆ ತಾಯಿ ಮಗಳು ಬಸ್ಸಿನ ತುಂಬ ನಗುತ್ತಿದ್ದರು.

ಮಗಳು ಯಾರ ಮುಖವನ್ನೂ ನೋಡದೆ ಚಿತ್ರವನ್ನು ಗೋಡೆಯಿಂದ ತಾನೇ ಇಳಿಸಿದಳು. ಬೇರೆ ಇಬ್ಬರು ಇದನ್ನು ಕೇಳಿದ್ದಾರೆ, ಅವರಿಗೆ ಪಟ್ಟಿಯ ವಿಷಯ ಗೊತ್ತಿಲ್ಲ ಎಂದು ಯಜಮಾನ ಪಿಸುಗುಟ್ಟಿದ. ಅವಳು ಚಿತ್ರಕ್ಕೆ ಬಟ್ಟೆ ಸುತ್ತುವುದನ್ನು ನಿಲ್ಲಿಸಲಿಲ್ಲ.

ಮನೆಯ ಮೆಟ್ಟಿಲು ಹತ್ತುವಾಗ ಮಾತ್ರ ಅವಳ ಕಟ್ಟೆಯೊಡೆಯಿತು.

"ನನಗೆ ಮೊದಲೇ ಹೇಳ್ಬಾರ್ದಿತ್ತಾ ಅಮ್ಮ?"

"ಹೇಳಿದ್ರೆ ಏನ್ಮಾಡ್ತಿದ್ದೆ?"

"ಅವರಿಗೆ ನಾನೇ ಹೇಳ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ. ತಪ್ಪು ನಂದು, ಬಾಯಿ ನಿಂದಾದ್ರೆ ಹೆಂಗೆ?" ಎಂದ ತಾಯಿ, ಎರಡು ಮೆಟ್ಟಿಲು ಏರಿ ನಿಂತಳು. "ನೀನೇ ಹೇಳ್ತಿದ್ದೆ ಅಂದ್ಯಲ್ಲ, ಅಷ್ಟು ಸಾಕು ನನಗೆ."

ಅಂದು ಮಧ್ಯಾಹ್ನವೇ ಆಕೆ ಚಿತ್ರವನ್ನು ಅಡುಗೆಮನೆಗೆ ಒಯ್ದು, ಕಿಟಕಿಯ ಒಂದು ಭಾಗದ ಪಟ್ಟಿಗಳನ್ನು ಸರಿಸಿ, ಬಿಸಿಲು ನೇರವಾಗಿ ಬೀಳುವಂತಾದ ಗೋಡೆಗೆ ಕುರ್ಚಿ ಹತ್ತಿ ಮೊಳೆ ಹೊಡೆದು ತೂಗುಹಾಕಿದಳು. ಮಗಳು ಹೌಹಾರಿದಳು. ಮೂರು ತಿಂಗಳ ದುಡಿಮೆ, ಹಾಳಾಗಿ ಹೋಗುತ್ತದೆ ಎಂದು ಗೋಗರೆದಳು. ನನ್ನ ಮುಖ, ನನ್ನ ಅಡುಗೆಮನೆ, ಇದಕ್ಕಿಂತ ದೊಡ್ಡ ಪಟ್ಟಿ ನನಗೆ ಎಲ್ಲಿ ಸಿಗುತ್ತದೆ ಎಂದು ತಾಯಿ ಕುರ್ಚಿಯಿಂದ ಇಳಿಯಲೇ ಇಲ್ಲ.

ಮುಂದಿನ ಆರು ತಿಂಗಳು ಮಗಳ ತಟ್ಟೆಯಲ್ಲಿ ಗುಲಾಬಿ ಬಣ್ಣಕ್ಕೆ ಪ್ರವೇಶವಿರಲಿಲ್ಲ. ಬೇರೆ ಬೇರೆ ಸರಕಿನ ನಾಲ್ಕು ಗುಲಾಬಿಗಳು ಕಿಟಕಿ ಏರಿದವು. ಈಗ ತಕ್ಕಡಿಯಮ್ಮ ಭೂತಗನ್ನಡಿ ಹಿಡಿದು ಟ್ಯೂಬಿನ ಇರುವೆ ಸಾಲನ್ನು ಮೊದಲು ಓದಿ, ಆಮೇಲೆ ಬಣ್ಣವನ್ನು ನೋಡುತ್ತಿದ್ದಳು. ಮಗಳು ನೀಲಿ ಮತ್ತು ಕಾವಿಯಲ್ಲೇ ಮುಖಗಳನ್ನು ಬರೆಯುತ್ತ ಕಾದಳು. ಗ್ಯಾಲರಿಯಿಂದ ಒಂದು ಫೋನೂ ಬರಲಿಲ್ಲ. ಆ ಮೌನಕ್ಕೆ ಕಾರಣ ತಾನೆಂದು ತಾಯಿಗೆ ಗೊತ್ತಿತ್ತು. ಆದರೂ ಮಗಳ ಎದುರಿಗೆ ಒಂದು ದಿನವೂ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ, ನಿಜ ಹೇಳಿದ್ದೇ ತಪ್ಪೆಂದು ಮಗಳು ತಿಳಿದಾಳು ಎಂಬ ಲೆಕ್ಕ ಆಕೆಯದು.

ನಾಲ್ಕರಲ್ಲಿ ಒಂದು ಗುಲಾಬಿ ನಿಂತಿತು. ನಲವತ್ನಾಲ್ಕನೆಯದು. ಬಕೆಟ್ಟು ಮತ್ತೆ ಹೊರಬಂತು. ತರಕಾರಿ ಅಂಗಡಿಯವನು ಈ ಸಲ ಏನೂ ಕೇಳದೆ ತೂಕ ಸರಿಯಾಗಿ ಹಾಕಿದ.

ಮೊದಲನೆಯ ಚಿತ್ರವನ್ನೇ ಮತ್ತೆ ಬರೆಯಲು ಮಗಳು ಒಪ್ಪಲಿಲ್ಲ. ನೀರು ಒಂದೇ ದಾರಿಯಲ್ಲಿ ಎರಡು ಸಲ ಹರಿಯುವುದಿಲ್ಲ ಎಂದಳು. ತಾಯಿಯನ್ನು ಕಿಟಕಿಯ ಪಕ್ಕ ಕೂರಿಸಿ, ಗುಲಾಬಿ ಹತ್ತಿದ ಬೆರಳುಗಳ ನಡುವೆ ಒಂದು ಪಟ್ಟಿಯನ್ನು ಹಿಡಿಸಿ, ತಲೆ ಬಗ್ಗಿಸಬೇಡ, ನೇರವಾಗಿ ನನ್ನನ್ನೇ ನೋಡು ಎಂದಳು. ಹನ್ನೊಂದು ಹಾಳೆ ಹರಿದ ಮೇಲೆ ಹನ್ನೆರಡನೆಯದು ಉಳಿಯಿತು. ಅದರಲ್ಲಿ ತಕ್ಕಡಿಯಮ್ಮ, ಯಂತ್ರವನ್ನು ರಿಪೇರಿಗೆ ಕಳಿಸುವ ಮುನ್ನ ನೋಡುತ್ತಿದ್ದಂತೆ ನೋಡುತ್ತಿದ್ದಳು. ಕಣ್ಣಿನೊಳಗಿನ ಬೆಳಕಿನ ಚುಕ್ಕೆಗೆ ಬಣ್ಣವೇ ಇರಲಿಲ್ಲ, ಮುಟ್ಟದೆ ಬಿಟ್ಟ ಕಾಗದ.

ಚಿತ್ರ ಒಣಗಿ ನಾಲ್ಕು ದಿನವಾಗಿತ್ತು. ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಗ್ಯಾಲರಿಯ ಯಜಮಾನ! ಅವನ ಹಿಂದೆ, ಕಂಬಿ ಹಿಡಿದು ನಿಧಾನವಾಗಿ ಹತ್ತಿ ಬರುತ್ತಿದ್ದವರು ಕಣ್ಣಿನ ಡಾಕ್ಟರಮ್ಮ.

ಪಟ್ಟಿ ನಿಜಕ್ಕೂ ಊರೆಲ್ಲ ತಿರುಗಿತ್ತು. ತಿರುಗಿಸಿದವರು ಡಾಕ್ಟರಮ್ಮನೇ. ಅವರು ಯಾವ ಸಂಗ್ರಾಹಕರ ಮನೆಗೆ ಹೋದರೂ ಅದನ್ನು ಮೇಜಿನ ಮೇಲಿಟ್ಟು, ನಿಮ್ಮ ಗೋಡೆಯ ಚಿತ್ರಗಳಲ್ಲಿ ಎಷ್ಟಕ್ಕೆ ಇಂಥದ್ದೊಂದು ಇದೆ ಎಂದು ಕೇಳಿದ್ದರು. ಒಬ್ಬರ ಬಳಿಯೂ ಇರಲಿಲ್ಲ. ಅವರಲ್ಲಿ ಹಲವರು ಗ್ಯಾಲರಿಗೆ ಬಂದು, ಪಟ್ಟಿ ಇಡುವ ಆ ಚಿತ್ರಗಾರ್ತಿಯ ಹೊಸದು ಏನಿದೆ ಎಂದು ವಿಚಾರಿಸಿದ್ದರು. ಈಚೆಗೆ ಆ ವಿಚಾರಣೆ ತಡೆಯಲಾಗದಷ್ಟು ಆಗಿತ್ತು. ಇದನ್ನೆಲ್ಲ ಯಜಮಾನ ನೆಲ ನೋಡುತ್ತ ಒಪ್ಪಿಸಿದ. ಮತ್ತೆ ಏಳು ತಿಂಗಳು ಯಾಕೆ ಫೋನು ಮಾಡಲಿಲ್ಲವೆಂದು ತಕ್ಕಡಿಯಮ್ಮ ಕೇಳಿದಳು.

"ಏನಂತ ಮಾಡ್ಲಿ ತಾಯಿ? ಮುಖ ಇರ್ಲಿಲ್ಲ."

"ಹಣೆ ಮೇಲೆ ಚುಕ್ಕೆ ಇತ್ತಲ್ಲಪ್ಪ, ಅದನ್ನೇ ತೋರಿಸಬೇಕಿತ್ತು."

ಮಗಳು ಸೆರಗನ್ನು ಬಾಯಿಗೊತ್ತಿಕೊಂಡು ಒಳಗೋಡಿದಳು. ಏಳು ತಿಂಗಳ ಬಾಕಿ ನಗು ಒಳಮನೆಯಿಂದ ಕೇಳಿಸಿತು.

ಡಾಕ್ಟರಮ್ಮ ಮೊದಲು ಚಿತ್ರವನ್ನು ಕೇಳಲಿಲ್ಲ, ಪಟ್ಟಿಗಳನ್ನು ಕೇಳಿದರು. ಏಳನ್ನೂ ಬೆಳಕಿಗೆ ಹಿಡಿದು ನೋಡಿ, ನಲವತ್ನಾಲ್ಕನೆಯದನ್ನು ಎರಡು ಸಲ ನೋಡಿದರು. ಆಮೇಲೆ ಚಿತ್ರದ ಮುಂದೆ ಕುಳಿತರು. ಭೂತಗನ್ನಡಿಯನ್ನು ಕೈಚೀಲದಿಂದ ತೆಗೆಯಲೇ ಇಲ್ಲ. ಕೊನೆಗೆ, ಚಿತ್ರವನ್ನು ಪಟ್ಟಿಗಳ ಸಮೇತ ತಮ್ಮ ಮನೆಗೆ ಕಳಿಸಬೇಕೆಂದೂ, ಮಗಳ ಮುಂದಿನ ಚಿತ್ರಕ್ಕೆ ಈಗಾಗಲೇ ಇಬ್ಬರು ಸಾಲು ನಿಂತಿದ್ದಾರೆಂದೂ ಹೇಳಿದರು. ಯಜಮಾನ ಕೆಂಪು ಚುಕ್ಕೆಯನ್ನು ಈ ಸಲ ಬಹಳ ಎಚ್ಚರಿಕೆಯಿಂದ ಬಿಡಿಸಿದ.

ನೀರು ಕುಡಿಯಲೆಂದು ಅಡುಗೆಮನೆಗೆ ಬಂದ ಡಾಕ್ಟರಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು. ಗೋಡೆಯ ಮೇಲಿನ ಹಳೆಯ ಚಿತ್ರದ ಮೇಲೆ ಬೆಳಗಿನ ಬಿಸಿಲು ಹರಡಿತ್ತು. ತಲೆ ಬಗ್ಗಿಸಿದ ಹೆಂಗಸು ಚಾಚಿದ ಕೈಗಳನ್ನು ನೋಡುತ್ತಿದ್ದಳು. ಎಡಗೈ ತುಂಬು ಗುಲಾಬಿ. ಬಲಗೈಯಿಂದ ಬಣ್ಣ ಇಳಿದು, ಅದು ಕೆಲಸ ಮುಗಿಸಿ ತೊಳೆದುಕೊಂಡ ಕೈಯಾಗಿತ್ತು. ಒಂದು ಕೈಯಲ್ಲಿ ದುಡಿಮೆ, ಒಂದು ಕೈಯಲ್ಲಿ ವಿಶ್ರಾಂತಿ. ಯಾವ ಕುಂಚವೂ ಹೀಗೆ ಬರೆಯಲಾರದು. ಅವರು ಲೋಟವನ್ನು ಕೆಳಗಿಟ್ಟರು. ನಲವತ್ತು ವರ್ಷ ರೋಗಿಗಳಿಗೆ ಅಪ್ಪಣೆ ಕೊಟ್ಟು ಅಭ್ಯಾಸವಾದ ದನಿ, ಈಗ ಬೇಡುವವರ ದನಿಯಾಗಿತ್ತು.

"ಇದನ್ನೂ ನನಗೆ ಕೊಡ್ತೀರಾ?"

ತಕ್ಕಡಿಯಮ್ಮ ಗುಲಾಬಿ ಹತ್ತಿದ ಬೆರಳುಗಳಿಂದ ಚೌಕಟ್ಟನ್ನು ಕೊಂಚ ಸರಿಸಿ, ಬಿಸಿಲು ಪೂರ್ತಿ ಬೀಳುವಂತೆ ಮಾಡಿದಳು.

"ಅದು ಕೊಡೋದಲ್ಲ ಡಾಕ್ಟರಮ್ಮ," ಎಂದಳು. "ಎಡಗೈದು ಪರೀಕ್ಷೆ ಇನ್ನೂ ಮುಗಿದಿಲ್ಲ."